ನಡುವೆ ಬಿಡಬಾರದ ಪುಡಿ

ನಮ್ಮ ಮನೆತನದಲ್ಲಿ ಮೊಣಕಾಲುಗಳು ಮನುಷ್ಯನಿಗಿಂತ ಮೊದಲು ನಿವೃತ್ತಿಯಾಗುತ್ತವೆ. ಅಪ್ಪನವು ಹಾಗಾದವು, ಅಜ್ಜಿಯವು ಹಾಗಾದವು. ಹಾರವಿಲ್ಲ, ಶಾಲಿಲ್ಲ, ಬೀಳ್ಕೊಡುವ ಭಾಷಣವಿಲ್ಲ. ಕೂತವರು ಏಳಲು ಹೋದಾಗ ‘ಇನ್ನು ನಮ್ಮಿಂದಾಗದು’ ಎಂದು ತಿಳಿಸಿಬಿಡುತ್ತವೆ. ಆದ್ದರಿಂದ ಅಕ್ಕನ ಮೊಣಕಾಲುಗಳು ಕೆಲಸ ನಿಲ್ಲಿಸಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ತೊಂದರೆಯಾದದ್ದು ರೊಟ್ಟಿಗೆ.

ಅಕ್ಕ ಮತ್ತು ಅವಳ ಗಂಡ ಅಣ್ಣಿಗೇರಿಯಲ್ಲಿ ನಮ್ಮ ಬಾಜೂ ಮನೆಯಲ್ಲೇ ಇದ್ದಾರೆ. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಮಾಮಾ ಜೀವಮಾನವೆಲ್ಲ ಕಾಳಿನ ದಲ್ಲಾಳಿ ಮಾಡುವ ಅಡತಿ ಅಂಗಡಿಯಲ್ಲಿ ಕೂತು, ಕಡಲೆಯನ್ನೂ ಹೆಸರನ್ನೂ ಅಂಗೈ ಮೇಲೆ ಹರವಿ ಊದಿ ಮೂಸಿ ನೋಡಿದ ಮನುಷ್ಯ. ಮಾತಿಗಿಂತ ಮೂಗನ್ನು ಹೆಚ್ಚು ಬಳಸಿದವರು. ನಾನು ಹೈಸ್ಕೂಲು ಮಾಸ್ತರನಾಗಿದ್ದವನು, ಅವರು ಉಳಿಸಿದ ಮಾತನ್ನೆಲ್ಲ ನಾನು ಖರ್ಚು ಮಾಡಿದೆ. ಅಕ್ಕನ ಕಸುಬು ರೊಟ್ಟಿ. ನಸುಕಿನಲ್ಲಿ ಗೋಡೆಯ ಆಚೆಯಿಂದ ಬರುವ ಪಟಪಟ ಸದ್ದಿಗೆ ಎದ್ದೇ ನಾನು ಮೂವತ್ತು ವರ್ಷ ಶಾಲೆಗೆ ಹೊತ್ತಿಗೆ ಸರಿಯಾಗಿ ಹೋದದ್ದು. ನೆಲದ ಮೇಲೆ, ಒಲೆಯ ಮುಂದೆ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತು ಬಡಿದರೆ ಮಾತ್ರ ಅದು ರೊಟ್ಟಿ. ಅಡುಗೆಕಟ್ಟೆಯ ಮುಂದೆ ನಿಂತು ಬಡಿದದ್ದನ್ನು ಅಕ್ಕ ದನಕ್ಕೂ ಹಾಕುವುದಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಸದ್ದು ನಿಂತಿತು. ಹುಬ್ಬಳ್ಳಿಯ ಎಲುಬಿನ ಡಾಕ್ಟರಿಗೆ ತೋರಿಸಿದೆವು. ತೂಕ ಇಳಿಸಿ, ಕಾಲಿಗೆ ವ್ಯಾಯಾಮ ಮಾಡಿಸಿ, ಮುಂದೆ ಬೇಕಾದರೆ ಆಪರೇಷನ್ ನೋಡೋಣ ಎಂದರು. ಅಕ್ಕ ಬಸ್ಸಿನಲ್ಲಿ ತೀರ್ಪು ಕೊಟ್ಟಳು: “ತೂಕ ಇಳಸ್ರಿ ಅನ್ನಾಕ ಅಷ್ಟ ದೊಡ್ಡ ದವಾಖಾನಿ ಕಟ್ಯಾರೇನಲೇ? ನಿನ್ನ ಹೇಣ್ತಿ ದಿನಾ ಅದನ್ನ ಪುಕ್ಕಟ ಹೇಳ್ತಾಳ.”

ಆಗ ಓಣಿಯ ಹೆಣ್ಣುಮಕ್ಕಳು ಅಮಾವಾಸ್ಯೆ ಗಾಡಿಯ ಸುದ್ದಿ ತಂದರು. ಪ್ರತಿ ಅಮಾವಾಸ್ಯೆಯ ದಿನ ಮುಂಜಾನೆ ಒಂದು ಟಂಟಂ ಗಾಡಿ ನಮ್ಮ ಓಣಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಸೊಂಟ, ಮೊಣಕಾಲು, ಹೆಗಲು ಹಿಡಿದವರೆಲ್ಲ ಅದರಲ್ಲಿ ಒತ್ತಿಕೊಂಡು ಕೂತು, ಕಲಘಟಗಿಯ ಕಡೆ ಕಾಡು ಶುರುವಾಗುವಲ್ಲಿನ ಒಂದು ಊರಿಗೆ ಹೋಗಿ, ಪುಡಿ ಇಸಿದುಕೊಂಡು ಬರುತ್ತಿದ್ದರು. ಊರಿನ ಹೆಸರು ಬೇಡ. ಇಂಥ ಊರು ಪ್ರತಿ ತಾಲೂಕಿನ ಆಚೆಗೂ ಒಂದಿರುತ್ತದೆ.

ಮೊದಲ ಸಲ ನಾನೂ ಮಾಮಾನೂ ಜೊತೆಗೆ ಹೋದೆವು. ಪುಡಿ ಕೊಡುವವರನ್ನು ಎಲ್ಲರೂ ‘ಪುಡಿ ಅಜ್ಜಾರು’ ಎನ್ನುತ್ತಿದ್ದರು. ವಯಸ್ಸು ನಲವತ್ತರ ಆಜೂಬಾಜು. ಅಜ್ಜತನ ಅವರಿಗೆ ಹುದ್ದೆಯಿಂದ ಬಂದದ್ದು. ಬಿಳಿ ಧೋತರ, ಹಣೆಗೆ ವಿಭೂತಿ, ಮುಖದ ಮೇಲೆ ಒಗೆದು ಇಸ್ತ್ರಿ ಮಾಡಿದಂಥ ನಗು.

“ನೋವು ಎಷ್ಟ ದಿನದ್ದು ತಾಯಿ?”

“ಎರಡ ಮಳಿಗಾಲ ಕಳದ್ವು ನೋಡ್ರಿ ಅಜ್ಜಾರ.”

“ಬದನಿಕಾಯಿ ತಿಂತೀರೇನು?”

ನಮ್ಮ ಸೀಮೆಯಲ್ಲಿ ಇದು ‘ಉಸಿರಾಡ್ತೀರೇನು’ ಎಂದು ಕೇಳಿದ ಹಾಗೆ. ಅಕ್ಕ ತಲೆ ತಗ್ಗಿಸಿ, “ತಿಂತೇನ್ರಿ,” ಎಂದಳು.

“ಅದ ಕಾರಣ. ಇವತ್ತಿಂದ ಬಿಡ್ರಿ.”

ಆ ವ್ಯವಸ್ಥೆಯ ಬುದ್ಧಿವಂತಿಕೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ವಾಸಿಯಾದರೆ ಪುಡಿಯ ಮಹಿಮೆ, ಆಗದಿದ್ದರೆ ಬದನೆಕಾಯಿಯ ಅಪರಾಧ. ಆದರೂ ಮಾಸ್ತರಿಕೆಯ ಚಟ ಬಿಡಲಿಲ್ಲ. “ಇದರಾಗ ಏನೇನ ಐತ್ರಿ?” ಎಂದು ಕೇಳಿದೆ.

“ಬೇರು.”

“ಯಾವ ಬೇರ್ರಿ?”

“ಬೇರಂದ್ರ ಬೇರ್ರಿ ಮಾಸ್ತರ. ಮಣ್ಣಾಗ ಹುಟ್ಟಿದ್ದು. ಇಂಗ್ಲಿಷ್ ಔಷಧ ಅಲ್ಲ, ಹೀಂಗಾತು ಹಾಂಗಾತು ಅನ್ನಾಕ.”

ನಾವು ಎದ್ದು ಹೊಸ್ತಿಲ ತನಕ ಬಂದಾಗ ಅವರು ಹಿಂದಿನಿಂದ ಕರೆದರು. “ತಾಯಿ, ಒಂದ ಮಾತು. ನಡುವ ಬಿಡಬ್ಯಾಡ್ರಿ.” ಅಲ್ಲಿಯವರೆಗಿನ ಮಾತನ್ನೆಲ್ಲ ನಗುತ್ತ ಆಡಿದವರು ಇದೊಂದನ್ನು ನಗದೆ ಆಡಿದರು. ಟಂಟಂನಲ್ಲಿ ನಾನು, “ಅಂಗಡಿಕಾರ ಯಾವಾಗರ ನಡುವ ಬಿಡ್ರಿ ಅಂತಾನೇನು?” ಎಂದೆ. ಗಾಡಿಯಲ್ಲಿದ್ದ ಅಷ್ಟೂ ಸೊಂಟಗಳು ನೋವು ಮರೆತು ನಕ್ಕವು. ಮಾಮಾ ಪೊಟ್ಟಣ ಬಿಚ್ಚಿ ಮೂಸಿ, “ಶುಂಠಿ ಐತಿ,” ಎಂದರು. ಅಷ್ಟು ವರ್ಷ ದುಡಿದ ಮೂಗಿಗೆ ಅದಕ್ಕಿಂತ ಹೆಚ್ಚು ಸಿಗಲಿಲ್ಲ. ಆದರೆ ಅಡತಿಯ ರೂಢಿಯಂತೆ ಒಂದು ಚಿಟಿಕೆ ಪುಡಿಯನ್ನು ಬೇರೆ ಕಾಗದದಲ್ಲಿ ಕಟ್ಟಿ, ಒಳಗಿನ ಬನಿಯನ್ನಿನ ಕಿಸೆಗೆ ಇಳಿಸಿದರು. ಯಾವ ಮಾಲು ಬಂದರೂ ಅದರ ಮಾದರಿ ತೆಗೆದಿಡದೆ ಅವರಿಗೆ ನಿದ್ದೆ ಬರುವುದಿಲ್ಲ.

ಪುಡಿ ಕೆಲಸ ಮಾಡಿತು. ಇದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲಿಕ್ಕಾಗದು. ವಾರ ತುಂಬುವುದರೊಳಗೆ ಅಕ್ಕ ನಮ್ಮ ಅಂಗಳಕ್ಕೆ ಬಂದು ನಿಂತಳು. “ಲೇ ತಮ್ಮಾ, ನೋಡಲೇ! ಗ್ವಾಡಿ ಹಿಡೀಲಾರದ ಎದ್ದ ಬಂದೇನಿ!” ನೆಲಕ್ಕೆ ಕೂತಳು, ಎದ್ದಳು, ಮತ್ತೆ ಕೂತಳು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಮರುದಿನ ನಸುಕಿನಲ್ಲಿ ಗೋಡೆ ಮಾತಾಡಿತು: ಪಟ, ಪಟ, ಪಟ.

ಅಕ್ಕ ಅಮಾವಾಸ್ಯೆ ತಪ್ಪದೆ ಗಾಡಿ ಹತ್ತತೊಡಗಿದಳು. ಆಮೇಲೆ ಹಸಿವು ಬಂತು. ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದವಳು ನಾಲ್ಕಕ್ಕೂ ತೊಳೆಯಲಿಲ್ಲ. ಮುಖ ತುಂಬಿತು. ಗಲ್ಲಗಳು ಉಬ್ಬಿ ಕಿವಿಯವರೆಗೆ ಹೋದವು, ಬೆನ್ನಿನ ಮೇಲೆ, ಕುತ್ತಿಗೆಯ ಬುಡದಲ್ಲಿ, ಒಂದು ಸಣ್ಣ ದಿಂಬು ಬೆಳೆಯಿತು. ನಮ್ಮ ಊರಿನ ವೈದ್ಯಶಾಸ್ತ್ರ ಸರಳವಾದದ್ದು: ಮಾರಿ ಬತ್ತಿದರೆ ರೋಗ, ಮಾರಿ ತುಂಬಿದರೆ ಆರೋಗ್ಯ. “ಏನ್ ಕಳೆ ಬಂದೈತಿ ಯವ್ವಾ ಮಾರಿಗೆ! ಹುಣ್ಣಿವಿ ಚಂದ್ರಾಮ ಆಗಿ ಬಿಡು,” ಎಂದು ಓಣಿಯವರು ಹೊಗಳುವರು. ಹಾಗೆ ಹೊಗಳಿದ ದಿನ ಸಂಜೆ ಅಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಸಿಕೊಳ್ಳುವಳು. ಹುಬ್ಬಳ್ಳಿಯ ಡಾಕ್ಟರರು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ತೂಕ ಏರುತ್ತಿತ್ತು, ಆದರೆ ಮೊಣಕಾಲು ತಕರಾರು ಮಾಡುತ್ತಿರಲಿಲ್ಲ. ಹಾಗಾಗಿ ಡಾಕ್ಟರರು ತಪ್ಪು ಎಂದು ಸಾಬೀತಾಯಿತು.

ನಿದ್ದೆ ಹೋದದ್ದು ನಮಗೆ ಮೊದಲು ತಿಳಿದದ್ದು ಗೋಡೆಯಿಂದಲೇ. ಪಟಪಟ ಸದ್ದು ದಿನದಿಂದ ದಿನಕ್ಕೆ ಬೇಗ ಶುರುವಾಯಿತು. ಕೋಳಿ ಕೂಗುವ ಮುಂಚೆ. ಆಮೇಲೆ ಕೋಳಿ ಮಲಗಿದ ಸ್ವಲ್ಪ ಹೊತ್ತಿಗೇ.

“ಏನ್ರಿ,” ಹೆಂಡತಿ ಕೇಳಿದಳು, “ಇಷ್ಟ ರೊಟ್ಟಿ ಯಾರಿಗೆ ಬಡಿಯಾಕತ್ತಾರ ಅಕ್ಕಾರು?”

ನನಗೂ ತಿಳಿಯದು. ಖಡಕ್ ರೊಟ್ಟಿಗಳ ಥಪ್ಪಿ ಅವರ ಪಡಸಾಲೆಯಲ್ಲಿ ಕಿಟಕಿಯ ಎತ್ತರಕ್ಕೆ ಬಂದಿತ್ತು. ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದಳು, ಬೆಳಗಿದ್ದನ್ನು ಮತ್ತೆ ಬೆಳಗುತ್ತಿದ್ದಳು. ಮಾತು ಒಂದು ವಾಕ್ಯ ಮುಗಿಯುವ ಮುಂಚೆ ಇನ್ನೊಂದರ ಮೇಲೆ ಏರುತ್ತಿತ್ತು. ಕಣ್ಣು ಹೊಳೆಯುತ್ತಿದ್ದವು, ಜಾಗರಣೆ ಮಾಡಿದವರ ಕಣ್ಣಿನಂತೆ ಅಲ್ಲ, ಜಾಗರಣೆ ಬೇಕಾಗಿಯೇ ಇಲ್ಲದವರ ಕಣ್ಣಿನಂತೆ. ಇಷ್ಟು ಹುರುಪು ಅವಳಿಗೆ ಮದುವೆಯ ವಯಸ್ಸಿನಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಜಗಳ ಕೇಳಿ ಓಡಿಹೋದೆ. ಅಕ್ಕ ಕೈಯಲ್ಲಿ ಸವಟು ಹಿಡಿದು ಮಾಮಾನ ಮುಂದೆ ನಿಂತಿದ್ದಳು. “ಯಾರಕಿ ಅಕಿ? ಹೇಳ್ರಿ! ಟುಂಗ್ ಟುಂಗ್ ಅಂತ ಯಾವಕಿ ಮೆಸೇಜ್ ಕಳಸ್ತಾಳ?”

ಮಾಮಾ ಫೋನನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಇದ್ದದ್ದು ಆ ದಿನದ ಕಡಲೆ ಪೇಟೆ ಧಾರಣೆ. ನಾನು ಓದಿ ಹೇಳಿದೆ. ಅಕ್ಕ, “ನೀನೂ ಅವರ ಕಡಿಗೇನಲೇ?” ಎಂದು ನನ್ನತ್ತ ತಿರುಗಿದಳು. ಸವಟು ನನ್ನ ಕಿವಿಯ ಬಾಜೂಕ ಹಾದು ಗೋಡೆಗೆ ಬಡಿಯಿತು. ಮರುಗಳಿಗೆಗೆ ನೆಲದ ಮೇಲೆ ಕೂತು ಸಣ್ಣ ಹುಡುಗಿಯಂತೆ ಬಿಕ್ಕಿ ಅತ್ತಳು. ಮಾಮಾ ಆ ದಿನ ಹೊರಗೆ ಬಂದು, “ಮಾಸ್ತರ, ಇಕಿ ನಮ್ಮಾಕಿ ಅಲ್ಲೋ,” ಎಂದರು. ನಾನು ವಯಸ್ಸು, ಉಷ್ಣ, ನಿದ್ದೆಗೇಡು ಎಂದೆಲ್ಲ ವಿವರಿಸಿದೆ. ಪುಡಿಯ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಮೊಣಕಾಲಿನ ಪುಡಿ ಮೊಣಕಾಲಿಗೆ ಹೋಗುತ್ತದೆ; ಅದು ತಲೆಗೆ ಯಾಕೆ ಹೋಗಬೇಕು?

ಮುಂಗೈಯ ಗುರುತುಗಳನ್ನು ನೋಡಿದವಳು ನನ್ನ ಹೆಂಡತಿ. ಬಳೆ ತಾಕಿದಲ್ಲೆಲ್ಲ ನೀಲಿ ಕಲೆ. ಚರ್ಮ ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿ ಮಿಂಚುತ್ತಿತ್ತು. “ಹಿಟ್ಟಿನ ಡಬ್ಬಿ ಬಡೀತು,” ಎಂದಳು ಅಕ್ಕ. ಡಬ್ಬಿ ಒಂದೇ ಇತ್ತು, ಕಲೆಗಳು ಎರಡೂ ಕೈ ತುಂಬ ಇದ್ದವು.

ಇನ್ನು ಹರಕೆಯ ವಿಷಯ. ಕಾಲು ನೆಟ್ಟಗಾದರೆ ನವಲಗುಂದದಲ್ಲಿ ಬಸ್ಸಿಳಿದು ಯಮನೂರಿಗೆ ನಡೆದು ಬಂದು, ದರ್ಗಾದಲ್ಲಿ ಸಕ್ಕರೆ ಮುಂದಿಟ್ಟು ಫಾತಿಹಾ ಓದಿಸುತ್ತೇನೆ ಎಂದು ಅಕ್ಕ ಮೊದಲೇ ಹೇಳಿಕೊಂಡಿದ್ದಳು. ನಮ್ಮ ಅಜ್ಜಿಯ ಕಾಲದಿಂದ ಮನೆಯವರು ಅಲ್ಲಿಗೆ ನಡೆದುಕೊಂಡವರು. ಹರಕೆಯಲ್ಲಿ ದೋಷವಿಲ್ಲ. ಅದಕ್ಕೆ ಅಂಟಿಕೊಂಡ ಒಂದು ಕಾನೂನು ಇತ್ತು: ಹರಕೆ ತೀರಿಸಿದ ಮೇಲೆ ಆ ನೋವಿಗೆ ಮದ್ದು ತೆಗೆದುಕೊಳ್ಳಬಾರದು. ಇದನ್ನು ದರ್ಗಾದವರು ಯಾರೂ ಹೇಳಿದ್ದಲ್ಲ. ನಮ್ಮ ಅಜ್ಜಿ ಮಾಡಿದ ಕಾಯಿದೆ, ತಿದ್ದುಪಡಿಯಿಲ್ಲದೆ ನಮ್ಮ ಮನೆಯಲ್ಲಿ ಜಾರಿಯಲ್ಲಿತ್ತು.

ಅಕ್ಕ ನಡೆದಳು. ಕಪ್ಪು ಎರೆಮಣ್ಣಿನ ಹೊಲಗಳ ನಡುವಿನ ಆ ರಸ್ತೆಯಲ್ಲಿ ನಾನೂ ನನ್ನ ಹೆಂಡತಿಯೂ ಮಾಮಾನೂ ಅವಳ ಹಿಂದೆ ಏದುಸಿರು ಬಿಡುತ್ತ ಬಂದೆವು. ಅವಳು ಮುಂದೆ ಮುಂದೆ. ಸಕ್ಕರೆ ಓದಿಸಿಯಾದ ಮೇಲೆ ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತು, ಸೆರಗಿನ ಗಂಟಿನಿಂದ ಉಳಿದ ಪೊಟ್ಟಣಗಳನ್ನೆಲ್ಲ ತೆಗೆದಳು.

“ಅಕ್ಕಾರ, ಯಾಕ ಚೆಲ್ಲತೀರಿ? ಇರಲಿ ಬಿಡ್ರಿ, ಇನ್ನೊಂದ ತಿಂಗಳಿಗೆ ಆಗತೈತಿ,” ಎಂದಳು ನನ್ನ ಹೆಂಡತಿ.

“ಹುಚ್ಚಿ! ಇತ್ತ ದೇವರಿಗೆ ಕೈ ಮುಗದು ಅತ್ತ ಪುಡಿ ನೆಕ್ಕಿದ್ರ, ಅವ ಏನ ತಿಳ್ಕೋಬೇಕು? ಒಂದ ಕೆಲಸಕ್ಕ ಇಬ್ಬರನ್ನ ಹಚ್ಚ್ಯಾಳ ಅಂತ ಸಿಟ್ಟಾಗಂಗಿಲ್ಲೇನು?”

ನೀರಿನ ಮೇಲೆ ಕಂದುಬಣ್ಣದ ಒಂದು ಪದರು ಹರಡಿ, ತಿರುಗಿ, ಕೆಳಗೆ ಹೋಯಿತು. ನಾವೆಲ್ಲ ಕೈ ಮುಗಿದೆವು.

ಮರುದಿನ ಗೋಡೆ ಮಾತಾಡಲಿಲ್ಲ. ನಡೆದು ದಣಿದಿದ್ದಾಳೆ ಎಂದುಕೊಂಡೆವು. ಅದರ ಮರುದಿನವೂ ಇಲ್ಲ. ನೋಡಲು ಹೋದರೆ ಅಕ್ಕ ಮಂಚದ ಮೇಲೆ ಗೋಡೆ ನೋಡುತ್ತ ಕೂತಿದ್ದಳು. ತಾಟು ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಉಂಡದ್ದು ವಾಂತಿಯಾಗಿತ್ತು. ಪಿತ್ತ ಎಂದು ಲಿಂಬೆಹುಳಿ ಕೊಟ್ಟೆವು, ಜೀರಿಗೆ ಕಷಾಯ ಕೊಟ್ಟೆವು. ಬಂದು ನೋಡಿದ ಹೆಣ್ಣುಮಕ್ಕಳು ಮಾತ್ರ, “ಮಾರಿ ನೋಡಿದ್ರ ಜಡ್ಡ ಅಂತ ಯಾರಂತಾರ?” ಎಂದು ಸಮಾಧಾನ ಹೇಳಿ ಹೋದರು. ನಿಜವೇ. ಹುಣ್ಣಿಮೆಯ ಚಂದ್ರನಂಥ ಆ ಮುಖ ಹಾಗೇ ಇತ್ತು. ಅದರ ಹಿಂದೆ ಇದ್ದವಳು ಸಣ್ಣಗಾಗುತ್ತಿದ್ದಳು.

“ತಮ್ಮಾ,” ಎಂದಳು, ಧ್ವನಿ ಕೇಳಲು ನಾನು ಬಗ್ಗಬೇಕಾಯಿತು. “ಯಾರೋ ಒಳಗ ಕಂದೀಲದ ಬತ್ತಿ ಇಳಸಾಕತ್ತಾರ ನೋಡು.”

ಎರಡು ದಿನದ ಮೇಲೆ ಮುಂಜಾನೆ ಬಚ್ಚಲಿಗೆ ಹೋದವಳು ಅಲ್ಲೇ ಕುಸಿದಳು. ನಾನು ಎತ್ತಿ ಕೂರಿಸಿದಾಗ ಕಣ್ಣು ತೆರೆದು, ನನ್ನನ್ನು ನೋಡಿ, “ಅಪ್ಪಾ, ಯಾವಾಗ ಬಂದಿ?” ಎಂದಳು. ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಅವಳ ಕೈ ಅಷ್ಟು ತಣ್ಣಗೆ, ಅಷ್ಟು ಒದ್ದೆಯಾಗಿತ್ತು. ಯಾರು ಯಾರನ್ನು ಕರೆಯಲು ಬಂದಿದ್ದಾರೆ ಎಂಬ ವಿಚಾರ ನನ್ನ ತಲೆಗೆ ಬಂತು, ಅದನ್ನು ಮುಂದುವರಿಸದೆ ಗಾಡಿ ತರಿಸಿದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇದ್ದವರು ಹರೆಯದ ಡಾಕ್ಟರಮ್ಮ. ನಾಡಿ ಸಿಗಲಿಲ್ಲವೆಂದು ಮತ್ತೊಮ್ಮೆ ಹಿಡಿದರು. ಬಿ.ಪಿ. ಪಟ್ಟಿಯನ್ನು ಇನ್ನೊಂದು ತೋಳಿಗೆ ಸುತ್ತಿದರು. “ಏನೇನ ಔಷಧ ತಗೋತಾರ್ರಿ ಇವರು?”

ಮಾಮಾ ಎದೆ ಸೆಟೆಸಿ ಹೇಳಿದರು: “ಯಾವುದೂ ಇಲ್ರಿ ಬಾಯಾರ. ಎಲ್ಲಾ ಬಿಟ್ಟಾಳ.”

ಆ ಉತ್ತರದಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ, ಮತ್ತು ಅದು ಅಕ್ಕನನ್ನು ಕೊಲ್ಲುವುದರಲ್ಲಿತ್ತು. ಔಷಧವೆಂದರೆ ನಮ್ಮಲ್ಲಿ ಗುಳಿಗೆ, ಸೂಜಿ, ಬಾಟಲಿ. ಪುಡಿ ಬೇರು. ಬೇರನ್ನು ಯಾರಾದರೂ ಔಷಧದ ಲೆಕ್ಕಕ್ಕೆ ಹಿಡಿಯುತ್ತಾರೆಯೆ? ನರ್ಸಮ್ಮ ಸಲಾಯಿನ್ ಚುಚ್ಚುತ್ತಿದ್ದಳು. ಡಾಕ್ಟರಮ್ಮ ಅಕ್ಕನ ಮುಂಗೈಯ ನೀಲಿ ಕಲೆಗಳ ಮೇಲೆ ಬೆರಳಾಡಿಸಿದರು, ಗಲ್ಲ ನೋಡಿದರು, ಕುತ್ತಿಗೆಯ ಹಿಂದಿನ ದಿಂಬು ಮುಟ್ಟಿದರು. ಆಮೇಲೆ ಮಾಮಾನ ಕಡೆ ತಿರುಗಿದರು.

“ಬಿಟ್ಟಾರ ಅಂದ್ರಲ್ಲ. ಏನ ಬಿಟ್ಟಾರ?”

“ಅದು ಔಷಧ ಅಲ್ರಿ. ಬೇರು.”

“ಅದನ್ನ ಹೇಳ್ರಿ ಯಜಮಾನ್ರ, ಲಗೂ!”

ಮಾಮಾ ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿನ ಕಿಸೆಯಿಂದ ಬೆವರಿಗೆ ಮೆತ್ತಗಾದ ಕಾಗದದ ಪೊಟ್ಟಣ ತೆಗೆದರು. ಮಾದರಿ. ಡಾಕ್ಟರಮ್ಮ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕಂದು ಪುಡಿಯ ನಡುವೆ ಸರಿಯಾಗಿ ಅರೆಯದ ಒಂದು ಬಿಳಿ ಚೂರು ಇತ್ತು. ನಮಗೆ ಏನನ್ನೂ ವಿವರಿಸದೆ ಒಳಗೆ ಹೋಗಿ ಸೂಜಿ ತಂದು ಚುಚ್ಚಿದರು. ಪಾಠ ಆಮೇಲೆ ಆಯಿತು.

ಪಾಠದ ಸಾರಾಂಶ ಇಷ್ಟು. ಮೂತ್ರಪಿಂಡಗಳ ನೆತ್ತಿಯ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಜೀವ ಹಿಡಿದು ನಿಲ್ಲಲು ಬೇಕಾದ ಒಂದು ರಸವನ್ನು ಅವು ದಿನಾ ತಯಾರಿಸುತ್ತವೆ. ಅದರದೇ ಜಾತಿಯದನ್ನು ಗುಳಿಗೆಯಾಗಿ ಮಾಡಿದ್ದಕ್ಕೆ ಸ್ಟಿರಾಯ್ಡ್ ಎನ್ನುತ್ತಾರೆ. ತಕ್ಕ ರೋಗಕ್ಕೆ, ತಕ್ಕಷ್ಟು ಕೊಟ್ಟರೆ ಜೀವ ಉಳಿಸುವಂಥದು. ಪುಡಿ ಅಜ್ಜಾರು ಅದನ್ನು ಕೈಗೆ ಬಂದಷ್ಟು ಅರೆದು ಶುಂಠಿಯಲ್ಲಿ ಕಲಸುತ್ತಿದ್ದರು. ಅದು ನೋವು ಮುಚ್ಚಿತು. ಜೊತೆಗೆ ಮುಖ ಊದಿಸಿತು, ಚರ್ಮ ಸವೆಸಿತು, ನಿದ್ದೆ ಕದ್ದಿತು, ಮಿದುಳನ್ನು ಕಾದ ಹಂಚಿನ ಮೇಲೆ ಕೂರಿಸಿತು. ಆ ಹುರುಪು, ಆ ಸಂಶಯ, ಆ ಅಳು, ಯಾವುದೂ ಅಕ್ಕನದಾಗಿರಲಿಲ್ಲ. ಹೊರಗಿನಿಂದ ಇಷ್ಟು ಬರುತ್ತಿರುವಾಗ ಒಳಗಿನ ಗ್ರಂಥಿಗಳು ಕೆಲಸ ಬಿಟ್ಟು ಮಲಗಿದವು. ಸರ್ಕಾರಿ ಕಚೇರಿ ಕಂಡ ನನಗೆ ಇದು ಕೂಡಲೇ ತಿಳಿಯಿತು. ಗುತ್ತಿಗೆಯವನೊಬ್ಬ ಎಲ್ಲ ಕೆಲಸ ಮಾಡುತ್ತಿದ್ದರೆ ಕಾಯಂ ಗುಮಾಸ್ತ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾನೆ. ಒಂದು ದಿನ ಗುತ್ತಿಗೆಯವನನ್ನು ಹಳ್ಳಕ್ಕೆ ನೂಕಿದರೆ, ಗುಮಾಸ್ತನಿಗೆ ಕೆಲಸವೇ ಮರೆತಿರುತ್ತದೆ. ಕಚೇರಿ ಬಾಗಿಲು ಮುಚ್ಚುತ್ತದೆ. ಅಕ್ಕನ ಕಚೇರಿ ಮುಚ್ಚುತ್ತಿತ್ತು.

ಸಂಜೆ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು, ನನ್ನನ್ನು ತಮ್ಮನೆಂದೇ ಗುರುತಿಸಿ, ಪಲ್ಯ ಏನು ಮಾಡಿದ್ದಾರೆಂದು ಕೇಳಿದಳು. ಬಿಡುಗಡೆಯ ದಿನ ಡಾಕ್ಟರಮ್ಮ ಗುಳಿಗೆಯ ಪಟ್ಟಿ ಕೊಟ್ಟರು. ಅದೇ ಸ್ಟಿರಾಯ್ಡ್. “ಸ್ವಲ್ಪ ಸ್ವಲ್ಪ ಕಡಿಮಿ ಮಾಡಕೋತ ಹೋಗೂಣು. ಭಾಳ ತಿಂಗಳಾ ಬೇಕು. ಒಳಗಿನ ಗ್ರಂಥಿ ಎಚ್ಚರಾದ್ರ ಪುಣ್ಯಾ, ಆಗದಿದ್ರ ಜನ್ಮಪೂರ್ತಿ.” ಬಾಗಿಲ ತನಕ ಬಂದು, ನಗದೆ ಹೇಳಿದರು: “ಅಜ್ಜಿ, ಒಂದ ಮಾತು. ನಡುವ ಬಿಡಬ್ಯಾಡ್ರಿ.”

ಈ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ಕಾಡಿನ ಅಂಚಿನ ಆ ಹೊಸ್ತಿಲು, ನಗು ಇಳಿಸಿದ ಆ ಮುಖ. ಆ ಮನುಷ್ಯನಿಗೆ ಗೊತ್ತಿತ್ತು.

ಡಾಕ್ಟರಮ್ಮ ಮೇಲಿನವರಿಗೆ ತಿಳಿಸಿದರು. ಆ ಊರಿಗೆ ಜೀಪು ಹೋಗಿ ಬಂತಂತೆ. ಒಂದು ಅಮಾವಾಸ್ಯೆಗೆ ಬಾಗಿಲು ಹಾಕಿತ್ತು, ಮುಂದಿನದಕ್ಕೆ ತೆರೆಯಿತು. ನಾನು ಓಣಿಯಲ್ಲಿ ಮನೆಮನೆಗೆ ಹೋಗಿ ವಿವರಿಸಿದೆ. ಎಲ್ಲರೂ ಗಮನವಿಟ್ಟು ಕೇಳಿ ಒಂದೇ ನಿರ್ಣಯಕ್ಕೆ ಬಂದರು: “ಅಜ್ಜಾರು ಮೊದಲ ಹೇಳಿದ್ರು, ನಡುವ ಬಿಡಬ್ಯಾಡ್ರಿ ಅಂತ. ಇಕಿ ಬಿಟ್ಳು, ಅನುಭವಿಸಿದ್ಳು.” ಪುಡಿಯ ಕೀರ್ತಿ ಇನ್ನಷ್ಟು ಬೆಳೆಯಿತು. ಈಗ ನಮ್ಮ ಓಣಿಯಲ್ಲಿ ಚಂದ್ರನಂಥ ಮುಖಗಳು ಮೂರು ಇವೆ. ನಾನು ಎದುರಿಗೆ ಬಂದರೆ ಅವರು ಸೆರಗು ಎಳೆದುಕೊಳ್ಳುತ್ತಾರೆ.

ಅಕ್ಕನ ಮುಖ ನಿಧಾನ ಇಳಿಯಿತು. ಮೊಣಕಾಲು ನೋವು ಹಾಗೇ ತಿರುಗಿ ಬಂತು. ಗೋಡೆ ಮೌನವಾಯಿತು, ಎರಡೂ ಮನೆಗೆ ಖಾನಾವಳಿಯ ರೊಟ್ಟಿ ಬರತೊಡಗಿತು.

ಮೊನ್ನೆ ನಸುಕಿನಲ್ಲಿ ಎಚ್ಚರವಾಯಿತು. ಪಟ. ಪಟ, ಪಟ.

ಅಮಾವಾಸ್ಯೆ ಹಿಂದಿನ ದಿನವಷ್ಟೇ ಕಳೆದಿತ್ತು. ಚಪ್ಪಲಿ ಮೆಟ್ಟದೆ ಓಡಿದೆ. ಒಲೆಯ ಮುಂದೆ ನೆಲದ ಮೇಲೆ ಕೂತಿದ್ದವರು ಮಾಮಾ. ಮೊಣಕೈವರೆಗೆ ಹಿಟ್ಟು. ಅಕ್ಕ ಕುರ್ಚಿಯ ಮೇಲೆ ಕೂತು ಹುಕುಮು ಕೊಡುತ್ತಿದ್ದಳು. “ಅಂಚ ಒಡಿಯಾಕತ್ತಾವ, ಕಾಣವಲ್ದೇನ್ರಿ? ಕಡ್ಲಿ ಊದಿ ನೋಡಿದಂಗಲ್ಲ ಇದು!” ಹಂಚಿನ ಮೇಲಿದ್ದದ್ದು ಯಾವ ದೇಶದ ನಕಾಶೆ ಎಂದು ಭೂಗೋಳ ಕಲಿಸಿದ ನನಗೂ ಹೇಳಲಾಗಲಿಲ್ಲ. ನಾನು ಉಸಿರು ಬಿಟ್ಟು ಹೊಸ್ತಿಲ ಮೇಲೆ ಕೂತೆ.

“ಯಾಕಲೇ, ಪುಡಿ ತಿಂದ್ಳು ಅಂತ ಓಡಿ ಬಂದೇನು?” ಎಂದಳು ಅಕ್ಕ.

ಆಗ ಕಂಡಿತು: ಅವಳ ಹಳೆಯ ಸೀರೆಯ ಸೆರಗಿನ ಮೇಲೆ ಬಿಳಿಯ ಕೈ ಗುರುತು, ಐದೂ ಬೆರಳು ಮೂಡಿದ್ದು, ಒಣಗಿ ಗಟ್ಟಿಯಾಗಿತ್ತು.

“ಇದೇನಕ್ಕಾ?”

ಅವಳು ಸೆರಗು ಮಡಿಲಿಗೆ ಎಳೆದುಕೊಂಡಳು. “ನಿನ್ನೆ ಗಾಡಿ ಬಂದಿತ್ತು. ಹಾರ್ನ್ ಹೊಡೀತು. ತಮ್ಮಾ, ನನಗ ಗೊತ್ತಾಗಲಿಲ್ಲೋ. ಎದ್ದ ಬಾಗಲದಾಗ ನಿಂತಿದ್ದೆ. ಮಣಕಾಲ ನೋವ ಸುದ್ದಾ ಗೊತ್ತಾಗಲಿಲ್ಲ. ಇವರು ರೊಟ್ಟಿ ಕಲೀತೇನಂತ ಮೊದಲ ಸಲ ಹಿಟ್ಟ ಕಲಸಾಕತ್ತಿದ್ರು, ಹಂಗ ಬಂದು ಸೆರಗ ಹಿಡದ್ರು.”

“ಆಮ್ಯಾಲ?”

“ಆಮ್ಯಾಲೇನು? ಬೈದೆ. ಜಗ್ಗಿದೆ. ಗಾಡಿ ಹೋಗೂ ತನಕಾ ಬಿಡಲಿಲ್ಲ.”

ಮಾಮಾ ತಲೆ ಎತ್ತಲಿಲ್ಲ. ಮುಂದಿನ ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದರು. ಅಕ್ಕ ಆ ಸದ್ದು ಕೇಳುತ್ತ ಕಿಟಕಿಯಾಚೆ ಓಣಿಯ ಕಡೆ ನೋಡಿದಳು.

“ಮುಂದಿನ ಅಮಾಸಿಗೆ ನೀನೂ ಇಲ್ಲೇ ಬಂದು ಕೂಡೋ ತಮ್ಮಾ,” ಎಂದಳು. “ಇವರ ಒಬ್ಬರ ಕೈಲೆ ಆಗಂಗಿಲ್ಲ.”